ಗೂಗಲ್‌ನಿಂದ ಹಳೇ ಪುಟ ತೆಗೆಸುವ ಮೊದಲು ಇದನ್ನು ಓದಿ

ವೆಬ್‌ಸೈಟ್ ಹೊಸದು ಮಾಡಿಸಿದ್ದೀರಿ, ಆದರೂ ಗೂಗಲ್‌ನಲ್ಲಿ ಹಳೇ ಪುಟಗಳೇ ಬರುತ್ತಿವೆಯಾ? ದಯವಿಟ್ಟು ಅವಸರದಲ್ಲಿ ಸರ್ಚ್ ಕನ್ಸೋಲ್‌ನ (ಸೈಟ್ ಮಾಲೀಕರಿಗಾಗಿ ಗೂಗಲ್ ಕೊಟ್ಟಿರುವ ಸಾಧನ) ರಿಮೂವಲ್ಸ್‌ಗೆ, ಅಂದರೆ ಪುಟಗಳನ್ನು ಫಲಿತಾಂಶದಿಂದ ಮರೆಮಾಡಿಸುವ ಜಾಗಕ್ಕೆ, ಹೋಗಿ ಬಟನ್ ಒತ್ತಬೇಡಿ. ಸೈಟ್ ಮಾಡಿಕೊಟ್ಟವರು ಒತ್ತುತ್ತೇವೆ ಅಂದರೂ ಏನು ಒತ್ತುತ್ತಿದ್ದಾರೆ ಅಂತ ಕೇಳಿ. ಸಕಲೇಶಪುರದ ಹತ್ತಿರ ನಮ್ಮ ಅಕ್ಕ ಭಾವ ಹೋಂಸ್ಟೇ ನಡೆಸುತ್ತಾರೆ. ದಸರಾ ರಜೆಯ ಬುಕಿಂಗ್ ಬರಬೇಕಾದ ಹೊತ್ತಿಗೆ ಅವರ ಇಡೀ ಸೈಟು ಗೂಗಲ್‌ನಿಂದ ಮಾಯವಾಗಿತ್ತು.

ಶುರುವಾಗಿದ್ದು ಒಂದು ಪಿಡಿಎಫ್‌ನಿಂದ. ಅದು ಕೋವಿಡ್‌ಗಿಂತ ಮುಂಚಿನ ರೇಟ್ ಕಾರ್ಡ್. ಹೊಸ ಸೈಟ್ ಮಾಡಿದವರು ಅದರ ಲಿಂಕ್ ತೆಗೆದರು, ಫೈಲನ್ನು ಸರ್ವರ್‌ನಲ್ಲೇ ಬಿಟ್ಟರು. ಲಿಂಕ್ ಇಲ್ಲದಿದ್ದರೂ ಗೂಗಲ್‌ಗೆ ಆ ವಿಳಾಸ ಮೊದಲೇ ಗೊತ್ತು. ಆ ವಿಳಾಸದಲ್ಲಿ ಫೈಲ್ ಇರುವಷ್ಟು ದಿನ ಅದನ್ನು ತೋರಿಸುತ್ತಲೇ ಇರಬಹುದು. ಬಂದ ಅತಿಥಿಗಳು ಫೋನ್ ಹಿಡಿದು, ‘ನಿಮ್ಮ ಸೈಟಲ್ಲೇ ಈ ರೇಟ್ ಇದೆಯಲ್ಲ ಮೇಡಂ’ ಅನ್ನುತ್ತಿದ್ದರು. ಅವರು ಹಾಗೆ ಕೇಳಿದ್ದು ನ್ಯಾಯವೇ. ಅಕ್ಕ ಎಷ್ಟೋ ಸಲ ಹಳೇ ದರಕ್ಕೇ ರೂಮ್ ಕೊಟ್ಟಳು.

ದೂರು ಹೇಳಿದಾಗ ಸೈಟ್ ಮಾಡಿದ ಕಂಪನಿಯವರು ಮೊದಲು ಮಾಡಿದ್ದು ರೋಬೋಟ್ಸ್ ಫೈಲ್‌ನಲ್ಲಿ (ಸೈಟಿನ ಯಾವ ಭಾಗ ಓದಬಾರದು ಅಂತ ಸರ್ಚ್ ಎಂಜಿನ್‌ಗಳಿಗೆ ಹೇಳುವ ಫೈಲ್) ಹಳೇ ಫೋಲ್ಡರ್‌ಗೆ ತಡೆ ಹಾಕಿದ್ದು. ತುಂಬಾ ಜನ ಇದನ್ನೇ ಮಾಡುತ್ತಾರೆ. ಈ ತಡೆಯ ಅರ್ಥ ‘ಒಳಗೆ ಬಂದು ಓದಬೇಡ’ ಅಂತ ಅಷ್ಟೇ, ‘ಪಟ್ಟಿಯಿಂದ ತೆಗೆ’ ಅಂತ ಅಲ್ಲ. ವಿವರಣೆ ಇಲ್ಲದೆ ಬರೀ ವಿಳಾಸ ಫಲಿತಾಂಶದಲ್ಲಿ ಉಳಿಯಬಹುದು. ಆಮೇಲೆ ಅದೇ ಫೋಲ್ಡರ್‌ನ ಪುಟಗಳಿಗೆ ‘ಇದನ್ನು ಫಲಿತಾಂಶದಲ್ಲಿ ತೋರಿಸಬೇಡ’ ಅನ್ನುವ ನೋಇಂಡೆಕ್ಸ್ ಟ್ಯಾಗ್ ಹಾಕಿದರು. ಓದಲು ಬಿಡದಿದ್ದ ಮೇಲೆ ಗೂಗಲ್ ಆ ಟ್ಯಾಗನ್ನು ನೋಡುವುದಾದರೂ ಹೇಗೆ? ನೋಇಂಡೆಕ್ಸ್ ಅನ್ನು ರೋಬೋಟ್ಸ್ ಫೈಲ್‌ನಲ್ಲೇ ಬರೆದರೆ ಸಾಕು ಅನ್ನುವವರೂ ಇದ್ದಾರೆ. ಗೂಗಲ್ ಅದನ್ನು 2019ರ ಸೆಪ್ಟೆಂಬರ್‌ನಿಂದಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.

ನಿಜವಾದ ಅನಾಹುತ ಆಮೇಲೆ ಆಯಿತು. ಹಳೇ ಸೈಟಿನ ವಿಳಾಸ ಎಚ್‌ಟಿಟಿಪಿಯಿಂದ (http) ಶುರುವಾಗುತ್ತಿತ್ತು, ಹೊಸದರದ್ದು ಅದರ ಸುರಕ್ಷಿತ ರೂಪವಾದ ಎಚ್‌ಟಿಟಿಪಿಎಸ್‌ನಿಂದ (https). ಹಳೆಯದನ್ನು ಒಟ್ಟಿಗೇ ತೆಗೆಸೋಣ ಅಂತ ಅವರು ರಿಮೂವಲ್ಸ್‌ನಲ್ಲಿ ಎಚ್‌ಟಿಟಿಪಿ ವಿಳಾಸ ಹಾಕಿ, ಆ ವಿಳಾಸದಿಂದ ಶುರುವಾಗುವ ಎಲ್ಲ ಪುಟಗಳನ್ನೂ ತೆಗೆಯುವ ಆಯ್ಕೆ ಒತ್ತಿದರು. ಆ ಸಾಧನ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಅಂತ ಬೇರೆ ಬೇರೆ ನೋಡುವುದಿಲ್ಲ. ಡಬ್ಲ್ಯುಡಬ್ಲ್ಯುಡಬ್ಲ್ಯು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಳೆಯದರ ಜೊತೆ ಹೊಸ ಸೈಟೂ ಪೂರ್ತಿ ಮರೆಯಾಯಿತು. ಸೈಟಿನ ಒಂದು ರೂಪವನ್ನು ಉಳಿಸಿ ಇನ್ನೊಂದನ್ನು ತೆಗೆಸಲು ಇದನ್ನು ಬಳಸಬೇಡಿ ಅಂತ ಗೂಗಲ್‌ನ ಸಹಾಯ ಪುಟದಲ್ಲೇ ಬರೆದಿದೆ. ದುಡ್ಡು ತೆಗೆದುಕೊಂಡು ಕೆಲಸ ಮಾಡುವವರು ಅಷ್ಟಾದರೂ ಓದಬೇಕು ಅಲ್ವಾ?

ಹೋಂಸ್ಟೇ ಹೆಸರು ಹಾಕಿ ಹುಡುಕಿದರೂ ಕಮಿಷನ್ ಹಿಡಿಯುವ ಬುಕಿಂಗ್ ಸೈಟುಗಳೇ ಬರುತ್ತಿದ್ದವು. ಫೋನ್ ಕರೆ ಕಡಿಮೆಯಾದಾಗ ಅಕ್ಕ ಮಳೆ ಜಾಸ್ತಿ ಆಗಿದ್ದಕ್ಕೆ ಜನ ಬರುತ್ತಿಲ್ಲ ಅಂದುಕೊಂಡಿದ್ದಳು. ನನಗೆ ಈಗಲೂ ಬೇಜಾರಾಗುವುದು ಅದಕ್ಕೇ. ಆ ಸಾಧನದ ಕೋರಿಕೆ ಸುಮಾರು ಆರು ತಿಂಗಳು ನಡೆಯುತ್ತದೆ. ನೋಡದೆ ಬಿಟ್ಟಿದ್ದರೆ ಕ್ರಿಸ್‌ಮಸ್ ಸೀಸನ್ನೂ ಕೈತಪ್ಪುತ್ತಿತ್ತು.

ನಿಮಗೂ ಹೀಗಾಗಿದ್ದರೆ ಮೊದಲು ಅದೇ ರಿಮೂವಲ್ಸ್ ಪುಟದಲ್ಲಿ ಆ ಕೋರಿಕೆಯನ್ನು ರದ್ದು ಮಾಡಿ. ಪುಟಗಳು ವಾಪಸ್ ಬರುತ್ತವೆ, ಸ್ವಲ್ಪ ಸಮಯ ಹಿಡಿಯುತ್ತದೆ. ಆಮೇಲಿನ ಕೆಲಸ ಇರುವುದು ನಿಮ್ಮ ಸರ್ವರ್‌ನಲ್ಲಿ. ಬೇಡದ ಫೈಲನ್ನು ಅಲ್ಲಿಂದಲೇ ಅಳಿಸಿ, ಆ ವಿಳಾಸಕ್ಕೆ 404 ಅಥವಾ 410, ಅಂದರೆ ‘ಪುಟ ಇಲ್ಲ’ ಅನ್ನುವ ಉತ್ತರ ಹೋಗಲಿ. ರೋಬೋಟ್ಸ್ ತಡೆ ತೆಗೆಯಿರಿ, ಇಲ್ಲದಿದ್ದರೆ ಆ ಉತ್ತರವೂ ಗೂಗಲ್‌ಗೆ ಕಾಣುವುದಿಲ್ಲ. ಹಳೇ ರೂಮಿನ ಪುಟಕ್ಕೆ ಹೊಸದರಲ್ಲಿ ಜೋಡಿ ಇದ್ದರೆ ಅಲ್ಲಿಗೇ 301 ರೀಡೈರೆಕ್ಟ್ (ಹಳೇ ವಿಳಾಸದಿಂದ ಹೊಸದಕ್ಕೆ ಶಾಶ್ವತವಾಗಿ ತಿರುಗಿಸುವುದು) ಕೊಡಿ, ಕನಿಷ್ಠ ಒಂದು ವರ್ಷ ಇರಲಿ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಹೋಗುವುದೂ ಹೀಗೆಯೇ. ಎಲ್ಲ ಹಳೇ ಪುಟಗಳನ್ನೂ ಸುಮ್ನೆ ಮುಖಪುಟಕ್ಕೆ ತಿರುಗಿಸಿದರೆ ಗೂಗಲ್ ಅದನ್ನು ‘ಪುಟ ಇಲ್ಲ’ ಅಂತಲೇ ಎಣಿಸಬಹುದು.

ರಿಮೂವಲ್ಸ್ ಕೆಟ್ಟದ್ದೇನಲ್ಲ. ಫೈಲ್ ಅಳಿಸಿದ ಮೇಲೆ ಬೇಗ ಮರೆಯಾಗಲಿ ಅನಿಸಿದರೆ, ಆ ಒಂದೇ ವಿಳಾಸವನ್ನು ಪೂರ್ತಿ ಹಾಕಿ ಕೋರಿಕೆ ಕೊಡಿ. ದೊಡ್ಡಕ್ಷರ ಸಣ್ಣಕ್ಷರವೂ ಸರಿ ಇರಬೇಕು. ಅಕ್ಕನ ಪಿಡಿಎಫ್ ಕೊನೆಗೆ ಹೋಗಿದ್ದು ಹಾಗೆಯೇ. ಬಿಂಗ್‌ನಲ್ಲೂ ಹಳೇ ಪುಟ ಕಂಡರೆ ಅದಕ್ಕೆ ಬಿಂಗ್‌ನ ವೆಬ್‌ಮಾಸ್ಟರ್ ಟೂಲ್ಸ್‌ನಲ್ಲಿ ಬೇರೆಯಾಗಿಯೇ ಕೋರಿಕೆ ಕೊಡಬೇಕು. ಇನ್ನು, ಸರ್ಚ್ ಕನ್ಸೋಲ್‌ನ ಮಾಲೀಕತ್ವ ನಿಮ್ಮ ಜಿಮೇಲ್‌ನಲ್ಲೇ ಇರಲಿ. ಅಕ್ಕನಿಗೆ ಅದು ಇರಲಿಲ್ಲ, ರದ್ದು ಮಾಡಿಸಲು ಆ ಕಂಪನಿಯವರು ಫೋನ್ ಎತ್ತುವವರೆಗೆ ಕಾಯಬೇಕಾಯಿತು.