ಬರ್ಡ್ ಡೈವರ್ಟರ್: ಕ್ರೌಂಚಕ್ಕೆ ಸರಿ, ಎರೆಬೂತಕ್ಕೆ ಸಾಲದು

ಹೈ ಟೆನ್ಷನ್ ತಂತಿಗಳಿಗೆ ಹಕ್ಕಿಗಳು ಬಡಿಯದಂತೆ ಅಳವಡಿಸುವ ಬರ್ಡ್ ಡೈವರ್ಟರ್ ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಯಲ್ಲಿ ಸಿಗುತ್ತದೆ. ಒಂದು, ತಂತಿಗೆ ಸುತ್ತಿ ಕೂರಿಸುವ ಪ್ಲಾಸ್ಟಿಕ್ ಸುರುಳಿ. ಇನ್ನೊಂದು ಫ್ಲ್ಯಾಪರ್: ಮೇಲೆ ತಂತಿಯನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪ್, ಅದರ ಕೆಳಗೊಂದು ತಿರುಗಣಿ, ತಿರುಗಣಿಗೆ ತೂಗುಬಿದ್ದ ಅಂಗೈಯಗಲದ ಹಲಗೆ. ಹಲಗೆಯ ಎರಡೂ ಮುಖಗಳಿಗೆ ಬೆಳಕನ್ನು ಪ್ರತಿಫಲಿಸುವ ಸ್ಟಿಕ್ಕರ್ ಅಂಟಿಸಿರುತ್ತಾರೆ; ಕೆಲವದರಲ್ಲಿ ಮುಸ್ಸಂಜೆಯ ನಂತರವೂ ಸ್ವಲ್ಪ ಹೊತ್ತು ಹೊಳೆಯುವ ಪಟ್ಟಿ ಇರುತ್ತದೆ. ಕೈಯಲ್ಲಿ ಹಿಡಿದು ಊದಿದರೆ ಸಾಕು, ಗಿರ್ರನೆ ತಿರುಗುತ್ತದೆ. ಎರಡರಲ್ಲಿ ನನ್ನ ಒಲವು ಫ್ಲ್ಯಾಪರ್ ಕಡೆಗೆ, ಅದು ಗಾಳಿಗೆ ಅಲುಗಿ ಮಿನುಗುತ್ತದೆ ಎಂಬ ಕಾರಣಕ್ಕೆ. ಆದರೆ ಕೊಳ್ಳುವವರು ವಿಚಾರಿಸಬೇಕಾದ ಮೊದಲ ಪ್ರಶ್ನೆ ಯಾವ ಬಗೆ ಎಂಬುದಲ್ಲ, ಯಾವ ಹಕ್ಕಿಗೆ ಎಂಬುದು.

ಕ್ರೌಂಚಗಳು, ಅಂದರೆ ಕ್ರೇನ್ ಹಕ್ಕಿಗಳು, ತಂತಿಗೆ ಬಡಿಯುವುದು ಅಜಾಗರೂಕತೆಯಿಂದಲ್ಲ. ಮೈಭಾರ ಹೆಚ್ಚು, ರೆಕ್ಕೆಯ ಹರವು ದೊಡ್ಡದು. ಕೊನೆಯ ಗಳಿಗೆಯಲ್ಲಿ ಕಂಡರೂ ತಟ್ಟನೆ ಪಕ್ಕಕ್ಕೆ ಹೊರಳಲು ಆಗುವುದಿಲ್ಲ. ಅದಕ್ಕಿಂತ ಮುಖ್ಯವಾದ ಕಾರಣ ಅವುಗಳ ದೃಷ್ಟಿಯಲ್ಲಿದೆ. ದಕ್ಷಿಣ ಆಫ್ರಿಕಾದ ನೀಲಿ ಕ್ರೌಂಚ ಹಾರುತ್ತಲೇ ನೆಲವನ್ನು ನೋಡಲು ತಲೆಯನ್ನು ಸುಮಾರು 35 ಡಿಗ್ರಿಯಷ್ಟು ಬಗ್ಗಿಸಿದರೆ ತಾನು ಹೋಗುತ್ತಿರುವ ದಿಕ್ಕೇ ಅದಕ್ಕೆ ಕಾಣದಾಗುತ್ತದೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎರೆಬೂತದ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್‌ನ, ಬಳಗಕ್ಕೇ ಸೇರಿದ ಕೋರಿ ಬಸ್ಟರ್ಡ್‌ಗೆ 25 ಡಿಗ್ರಿಯೇ ಸಾಕು. ಟವರ್‌ನ ತುತ್ತತುದಿಯಲ್ಲಿ ಸಿಡಿಲಿನ ರಕ್ಷಣೆಗೆಂದು ಎಳೆದಿರುವ ಅರ್ಥ್ ವೈರ್ ಉಳಿದವುಗಳಿಗಿಂತ ತೆಳು. ದಪ್ಪ ತಂತಿಗಳನ್ನು ಕಂಡು ಮೇಲೇರಿದ ಹಕ್ಕಿ ಇದಕ್ಕೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದಲೇ ಡೈವರ್ಟರ್‌ಗಳನ್ನು ಹೆಚ್ಚಾಗಿ ಅರ್ಥ್ ವೈರ್‌ಗೆ ಹಾಕುತ್ತಾರೆ.

ಸಾಧನ ಕೆಲಸ ಮಾಡುತ್ತದೆಯೇ ಎಂಬುದಕ್ಕೆ ನನಗೆ ಅತ್ಯಂತ ನಂಬಿಕೆ ಹುಟ್ಟಿಸಿದ ಪರೀಕ್ಷೆ ದಕ್ಷಿಣ ಆಫ್ರಿಕಾದ ಕರೂ ಬಯಲಿನದು. ಅಲ್ಲಿ ಸಾಧನ ಹಾಕಿದ ಮತ್ತು ಹಾಕದ ಮಾರ್ಗಗಳ ಕೆಳಗೆ ವರ್ಷಗಟ್ಟಲೆ ನಡೆದು, ಬಿದ್ದ ಹಕ್ಕಿಗಳನ್ನು ಲೆಕ್ಕ ಹಾಕಿದರು. ನೀಲಿ ಕ್ರೌಂಚಗಳ ಡಿಕ್ಕಿ 92 ಶೇಕಡಾ ಕಡಿಮೆಯಾಗಿತ್ತು. ಬಸ್ಟರ್ಡ್‌ಗಳ ವಿಷಯದಲ್ಲಿ ಮಾತ್ರ ಯಾವ ವ್ಯತ್ಯಾಸವೂ ಕಾಣಲಿಲ್ಲ. ಒಂದೇ ಸಾಧನ, ಒಂದೇ ಬಯಲು, ಎರಡು ತದ್ವಿರುದ್ಧ ಫಲಿತಾಂಶ.

ಡೈವರ್ಟರ್‌ನ ದೊಡ್ಡ ಕೊರತೆ ಕತ್ತಲು. ಅಮೆರಿಕದ ನೆಬ್ರಾಸ್ಕದಲ್ಲಿ ಪ್ಲ್ಯಾಟ್ ನದಿಯನ್ನು ದಾಟುವ ಮಾರ್ಗವೊಂದಕ್ಕೆ ಗುರುತುಗಳನ್ನು ತೂಗುಹಾಕಿದ್ದರೂ ವಲಸೆಯ ಕಾಲದಲ್ಲಿ ಸ್ಯಾಂಡ್‌ಹಿಲ್ ಕ್ರೌಂಚಗಳು ರಾತ್ರಿ ಬಡಿದು ಸಾಯುತ್ತಲೇ ಇದ್ದವು. 2018ರಲ್ಲಿ ಅದೇ ಮಾರ್ಗದ ಮೇಲೆ ಮನುಷ್ಯರ ಕಣ್ಣಿಗೆ ಅಷ್ಟಾಗಿ ಕಾಣದ, ನೇರಳಾತೀತಕ್ಕೆ ಹತ್ತಿರದ ಬೆಳಕು ಬೀರಿ ನೋಡಿದಾಗ ಡಿಕ್ಕಿಗಳು 98 ಶೇಕಡಾ ಇಳಿದವು. ಹಕ್ಕಿಗಳು ಇರುಳು ತಂಗುವ ಕೆರೆ, ನದಿಗಳ ಪಕ್ಕದಲ್ಲಿ ಹಾದುಹೋಗುವ ಮಾರ್ಗಕ್ಕೆ ಬರಿಯ ಫ್ಲ್ಯಾಪರ್ ಕೊಂಡು ಸುಮ್ಮನಾಗುವುದು ಅರ್ಧ ಕೆಲಸ ಎಂದೇ ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ಇದರ ಅಗತ್ಯ ಚೆನ್ನಾಗಿ ಕಾಣುವ ಜಾಗ ರಾಜಸ್ಥಾನದ ಫಲೋದಿ ಬಳಿಯ ಖೀಚನ್. ಅಲ್ಲಿನವರು ಕುರ್ಜಾ ಎಂದು ಕರೆಯುವ ಡೆಮೊಯ್ಸೆಲ್ ಕ್ರೌಂಚಗಳು ಚಳಿಗಾಲದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಬಂದು, ಊರವರು ಚುಗ್ಗಾಘರ್ ಎಂಬ ಕಾಳಿನ ಅಂಗಳದಲ್ಲಿ ಎರಚುವ ಕಾಳು ತಿನ್ನುತ್ತವೆ. 2025ರಲ್ಲಿ ಖೀಚನ್ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎನಿಸಿತು. ಕಾಳಿನ ಅಂಗಳಕ್ಕೂ ಕೆರೆಗೂ ನಡುವೆ ಹಿಂಡುಗಳು ತಗ್ಗಾಗಿ ಹಾರಾಡುವ ಇಂಥ ಕಡೆ ಕಡಿಮೆ ಎತ್ತರದ ಹಳ್ಳಿಯ ತಂತಿಗಳನ್ನು ನೆಲದಡಿಯ ಕೇಬಲ್ ಆಗಿ ಬದಲಿಸುವುದೇ ಮೇಲು. ದೂರದ ಟವರ್ ಮಾರ್ಗಗಳಿಗೆ ಡೈವರ್ಟರ್ ಒಪ್ಪುತ್ತದೆ. ಉತ್ತರ ಪ್ರದೇಶದ ಎಟಾವಾ, ಮೈನ್‌ಪುರಿ ಭಾಗದ ಸಾರಸ ಕ್ರೌಂಚಗಳಲ್ಲಿ ವರ್ಷಕ್ಕೆ ಸುಮಾರು 1 ಶೇಕಡಾ ತಂತಿಗಳಿಂದಲೇ ಸಾಯುತ್ತವೆ ಎಂಬ ಅಂದಾಜು 2005ರಲ್ಲೇ ಪ್ರಕಟವಾಗಿತ್ತು. ಹೊಲದ ನಡುವೆ ಬದುಕುವ ಅವುಗಳಿಗೂ ಇದು ಪ್ರಯೋಜನಕ್ಕೆ ಬರಬಹುದು. ನಮ್ಮ ಸಿರುಗುಪ್ಪದ ಎರೆಬೂತಗಳಿಗೆ ಮಾತ್ರ ಡೈವರ್ಟರ್ ಒಂದನ್ನೇ ನಂಬಿ ಕೂರುವುದನ್ನು ನಾನು ಶಿಫಾರಸು ಮಾಡಲಾರೆ.

ಕೊಳ್ಳುವ ಇಲಾಖೆ ಅಥವಾ ಕಂಪನಿ ಟೆಂಡರ್‌ನಲ್ಲಿ ಬೆಲೆಯ ಜೊತೆಗೆ ಕ್ಲ್ಯಾಂಪ್‌ನ ಹಿಡಿತವನ್ನೂ ಸ್ಟಿಕ್ಕರ್‌ನ ಬಾಳಿಕೆಯನ್ನೂ ಷರತ್ತಾಗಿ ಬರೆಯುವುದು ಒಳ್ಳೆಯದು. ಬಿಸಿಲಿಗೆ ಬಣ್ಣ ಕಳೆದುಕೊಂಡ ಹಲಗೆ, ಜಾರಿ ಟವರ್ ಪಕ್ಕಕ್ಕೆ ಬಂದು ಗುಂಪುಗೂಡಿದ ಫ್ಲ್ಯಾಪರ್, ಬರಿ ಕ್ಲ್ಯಾಂಪ್ ಉಳಿಸಿ ಉದುರಿಹೋದ ತಿರುಗಣಿ ಇವೆಲ್ಲ ಕಾಗದದಲ್ಲಿ ಅಳವಡಿಸಿದ ಲೆಕ್ಕಕ್ಕೇ ಸೇರಿರುತ್ತವೆ. ಎರಡು ಟವರ್‌ಗಳ ನಡುಮಧ್ಯದಲ್ಲಿ ಸಾಧನ ಒತ್ತೊತ್ತಾಗಿರಬೇಕು, ಮತ್ತು ಪ್ರತಿ ವರ್ಷ ವಲಸೆ ಹಕ್ಕಿಗಳು ಬರುವ ಮುಂಚೆ ಲೈನ್‌ಮನ್ ಒಮ್ಮೆ ದುರ್ಬೀನು ಹಿಡಿದು ಮಾರ್ಗದುದ್ದಕ್ಕೂ ನಡೆದು, ಉದುರಿದವುಗಳ ಪಟ್ಟಿ ಮಾಡಬೇಕು. ಬದಲಿ ಸಾಧನಗಳ ಖರ್ಚನ್ನೂ ಮೊದಲ ಬಿಲ್ಲಿನಲ್ಲೇ ಸೇರಿಸಿಕೊಳ್ಳಬೇಕು.