ಡಾಟ್‌ನೆಟ್ ಎಕ್ಸ್‌ಎಂಎಲ್ ಸೀರಿಯಲೈಜರ್: ಟ್ಯಾಲಿ ಡೇಟಾ ಓದೋಕೆ ಇದೇ ಸಾಕು (4/5)
ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಿಂದ ವೋಚರ್‌ಗಳನ್ನ (ವ್ಯವಹಾರದ ದಾಖಲೆಗಳನ್ನ) ಸಿ ಶಾರ್ಪ್ ಪ್ರೋಗ್ರಾಂಗೆ ತರೋ ಕೆಲಸ ಇರೋರಿಗೆ ಇದು. ಸೀರಿಯಲೈಜರ್ ಅಂದ್ರೆ ಟ್ಯಾಗ್‌ಗಳಿರೋ ಎಕ್ಸ್‌ಎಂಎಲ್ ಪಠ್ಯನ ಕೋಡ್‌ನ ಆಬ್ಜೆಕ್ಟ್ ಮಾಡಿ ಕೊಡೋದು, ಆಬ್ಜೆಕ್ಟ್‌ನ ವಾಪಸ್ ಎಕ್ಸ್‌ಎಂಎಲ್ ಮಾಡೋದು. ಈ ಸೀರಿಯಲೈಜರ್ ಹಳೇದು, 2002ರ ಮೊದಲ ಡಾಟ್‌ನೆಟ್‌ನಿಂದ್ಲೂ ಇದೆ, ಬೇರೆ ಪ್ಯಾಕೇಜ್ ಏನೂ ಹಾಕ್ಕೋಬೇಕಿಲ್ಲ, ಇವತ್ತಿಗೂ ನಾನು ಇದನ್ನೇ ಬಳಸಿ ಅಂತೀನಿ.

ಬೇರೆಯವರ ಎಕ್ಸ್‌ಎಂಎಲ್ ನಾವು ಕೋಡ್‌ನಲ್ಲಿ ಬರೆದ ಕ್ಲಾಸ್ ಥರ ಯಾವತ್ತೂ ಇರಲ್ಲ ನೋಡಿ. ಟ್ಯಾಲಿ ಟ್ಯಾಗ್‌ಗಳೆಲ್ಲ ಕ್ಯಾಪಿಟಲ್, ಲೆಡ್ಜರ್ ಸಾಲುಗಳ ಟ್ಯಾಗ್‌ನಲ್ಲಿ 'ಲಿಸ್ಟ್' ಅನ್ನೋಕೆ ಮುಂಚೆ ಒಂದು ಚುಕ್ಕಿ ಬೇರೆ, ಆ ಹೆಸರಲ್ಲಿ ಕ್ಲಾಸ್‌ನೊಳಗೆ ಪ್ರಾಪರ್ಟಿ ಬರೆಯೋಕೇ ಆಗಲ್ಲ. ಲಿಸ್ಟ್ ಪ್ರಾಪರ್ಟಿ ಮೇಲೆ ಎಕ್ಸ್‌ಎಂಎಲ್‌ಎಲಿಮೆಂಟ್ ಆಟ್ರಿಬ್ಯೂಟ್ (ಟ್ಯಾಗ್ ಹೆಸರು ಹೇಳೋ ಗುರುತು) ಹಾಕಿ ಆ ಹೆಸರು ಕೊಟ್ರೆ ಆಯ್ತು, ಹೊರಗೊಂದು ಟ್ಯಾಗ್ ಸುತ್ತದೇನೇ ಸಾಲಾಗಿ ಓದ್ಕೊಳ್ಳುತ್ತೆ.

ನಂಗೆ ತುಂಬಾ ಇಷ್ಟ ಆಗೋದು ದಿನಾಂಕದ ವಿಷ್ಯ. ಟ್ಯಾಲಿ 20240401 ಅಂತ ಕೊಡುತ್ತೆ, ಡೇಟ್‌ಟೈಮ್‌ಗೆ ನೇರ ಬಿಟ್ರೆ ಎಕ್ಸೆಪ್ಶನ್, ಹಾಗೇ ಯೆಸ್ ನೋ ಅನ್ನೋದೂ ಬೂಲಿಯನ್‌ಗೆ ಹೋಗಲ್ಲ ಯಾಕಂದ್ರೆ ಅದಕ್ಕೆ ಟ್ರೂ ಫಾಲ್ಸ್ ಇಲ್ಲಾ 1, 0 ಮಾತ್ರ ಗೊತ್ತು. ನಿಜವಾದ ಪ್ರಾಪರ್ಟಿ ಮೇಲೆ ಎಕ್ಸ್‌ಎಂಎಲ್‌ಇಗ್ನೋರ್ (ಸೀರಿಯಲೈಜರ್ ಇದನ್ನ ಬಿಟ್ಬಿಡಲಿ ಅನ್ನೋ ಗುರುತು) ಹಾಕಿ, ಪಕ್ಕದಲ್ಲಿ ಒಂದು ಪಬ್ಲಿಕ್ ಸ್ಟ್ರಿಂಗ್ ಪ್ರಾಪರ್ಟಿ ಇಟ್ಟು ಅದರ ಗೆಟ್ ಸೆಟ್ ಒಳಗೇ ಬದಲಾಯಿಸ್ಕೊಳ್ಳಿ. ಓದೋಕೂ ಬರೆಯೋಕೂ ಎರಡಕ್ಕೂ ಅದೇ ಕೆಲಸ ಮಾಡುತ್ತೆ. ಇಷ್ಟಕ್ಕೆಲ್ಲ ಓದೋ ಬರೆಯೋ ಕೋಡ್ ಎಲ್ಲಾ ನಾವೇ ಬರೆಯೋ ಐಎಕ್ಸ್‌ಎಂಎಲ್‌ಸೀರಿಯಲೈಜಬಲ್ ಇಂಟರ್‌ಫೇಸ್‌ಗೆ ಕೈ ಹಾಕ್ಬೇಡಿ ದಯವಿಟ್ಟು, ಅದರಲ್ಲಿ ಓದೋ ಮೆಥಡ್ ರೀಡ್‌ಎಕ್ಸ್‌ಎಂಎಲ್ ತನ್ನ ಕೊನೆ ಟ್ಯಾಗ್‌ನ ತಾನೇ ದಾಟಿ ಮುಂದೆ ಹೋಗ್ಬೇಕು, ಅದು ಬಿಟ್ಟೋದ್ರೆ ಮುಂದಿನ ಡೇಟಾ ಎಲ್ಲಾ ಏರುಪೇರು. ಟ್ಯಾಗ್‌ಗಳ ರಚನೆನೇ ಸಲಸಲಕ್ಕೂ ಬದಲಾಗೋ ಕಡೆ ಮಾತ್ರ ಅದು ಬೇಕು.

ಕೊರತೆ ಇಲ್ಲ ಅಂತಲ್ಲ. ಡಿಕ್ಷನರಿ (ಕೀ-ವ್ಯಾಲ್ಯೂ ಜೋಡಿಗಳ ಪಟ್ಟಿ) ಹೋಗಲ್ಲ, ಪ್ರೈವೇಟ್ ಫೀಲ್ಡ್ ಹೋಗಲ್ಲ, ಪ್ಯಾರಾಮೀಟರ್ ಇಲ್ಲದ ಕನ್‌ಸ್ಟ್ರಕ್ಟರ್ ಇರ್ಲೇಬೇಕು.

ಇದಕ್ಕಿಂತ ದೊಡ್ಡದು ಮೆಮೊರಿ. ಟೈಪ್ ಒಂದನ್ನೇ ಕೊಟ್ಟು ಸೀರಿಯಲೈಜರ್ ಮಾಡಿದ್ರೆ ತೆರೆಮರೆಯಲ್ಲಿ ತಯಾರಾಗೋ ಅಸೆಂಬ್ಲಿ (ಕಂಪೈಲ್ ಆದ ಕೋಡ್) ಕ್ಯಾಶ್ ಆಗುತ್ತೆ, ಅಂದ್ರೆ ಎತ್ತಿಟ್ಟು ಮತ್ತೆ ಅದನ್ನೇ ಬಳಸುತ್ತೆ, ಆದ್ರೆ ರೂಟ್ ಆಟ್ರಿಬ್ಯೂಟ್ (ಹೊರಗಿನ ಟ್ಯಾಗ್‌ನ ಹೆಸರು ಹೇಳೋದು) ಅಥ್ವಾ ಓವರ್‌ರೈಡ್ಸ್ (ಕ್ಲಾಸ್‌ನ ಗುರುತುಗಳನ್ನ ಬದಲಿಸೋದು) ಜೊತೆಗೆ ಕೊಟ್ರೆ ಪ್ರತಿ ಸಲ ಹೊಸದು ಹುಟ್ಟಿ ಉಳ್ಕೊಳ್ಳುತ್ತೆ, ಸರ್ವರ್ ಮೆಮೊರಿ ಏರ್ತಾನೇ ಇರುತ್ತೆ. ಮೈಕ್ರೋಸಾಫ್ಟ್ ಡಾಕ್ಯುಮೆಂಟೇಶನ್‌ನಲ್ಲೇ ಇದನ್ನ ಹೇಳಿದ್ದಾರೆ. ಸ್ಟ್ಯಾಟಿಕ್ ಫೀಲ್ಡ್‌ನಲ್ಲಿ ಒಂದೇ ಇಟ್ಕೊಂಡು ಅದನ್ನೇ ಬಳಸಿ.

ಒಂದು ಸ್ಟಾರ್ ಕಟ್ ಮಾಡಿರೋದು ಇದಕ್ಕೆ: ಆಟ್ರಿಬ್ಯೂಟ್‌ನಲ್ಲಿ ಟ್ಯಾಗ್ ಹೆಸರು ಒಂದಕ್ಷರ ತಪ್ಪಿದ್ರೂ ಎರರ್ ಕೊಡಲ್ಲ, ಆ ಪ್ರಾಪರ್ಟಿಯ ವ್ಯಾಲ್ಯೂ ಖಾಲಿ ಬರುತ್ತೆ ಅಷ್ಟೇ. ಲೆಕ್ಕದ ಡೇಟಾದಲ್ಲಿ ಹೀಗಾಗ್ಬಾರ್ದು. ಗೊತ್ತಿಲ್ಲದ ಟ್ಯಾಗ್ ಸಿಕ್ಕಾಗ ಬರೋ ಅನ್‌ನೋನ್‌ಎಲಿಮೆಂಟ್ ಇವೆಂಟ್ ಹಿಡಿದು ಲಾಗ್ ಮಾಡಿ, ಮೊದಲ ದಿನದಿಂದ್ಲೇ.