ಕನ್ನಡಕದಂಗಡಿಯ ಕಂಪ್ಯೂಟರ್ ಟೆಸ್ಟ್: ನಂಬರಿಗೆ ಸರಿ, ಮಿಕ್ಕಿದ್ದಕ್ಕಲ್ಲ

ಗದ್ದ ಊರಿ, ಹಣೆ ತಾಗಿಸಿ, ಒಳಗೆ ಕಾಣುವ ಬಲೂನು ನೋಡುತ್ತಿದ್ದರೆ ಒಂದೆರಡು ನಿಮಿಷದಲ್ಲಿ ಚೀಟಿ ಬರುತ್ತದೆ. ಎಷ್ಟೋ ಅಂಗಡಿಗಳಲ್ಲಿ ದುಡ್ಡೂ ಕೇಳುವುದಿಲ್ಲ. ಆ ಚೀಟಿಯನ್ನೇ ನೆಚ್ಚದೆ, ಮಸೂರ ಬದಲಿಸಿ ನೋಡುವ ಟ್ರಯಲ್ ಫ್ರೇಮ್ ಹಾಕಿ ಅಕ್ಷರ ಓದಿಸಿ ನಂಬರ್ ತಿದ್ದುವ ಅಂಗಡಿಯಾದರೆ ದೂರುವಂಥದ್ದೇನಿಲ್ಲ. ಮಕ್ಕಳಿಗೆ ಮಾತ್ರ ಇದು ಸಾಲದು, ಮೈನಸ್ ಜಾಸ್ತಿ ತೋರಿಸುವುದುಂಟು.

ನಮ್ಮ ತಕರಾರು ಚೀಟಿ ಹರಿದುಕೊಡುತ್ತಾ ಹೇಳುವ ‘ಕಣ್ಣು ನಾರ್ಮಲ್’ ಎಂಬ ಮಾತಿನ ಬಗ್ಗೆ. ಈ ಯಂತ್ರ ಕಣ್ಣಿನ ಹಿಂದಿನ ನರವನ್ನು ನೋಡುವುದೇ ಇಲ್ಲ. ತಲೆಯೊಳಗೆ ಒತ್ತಡ ಏರಿ ಎರಡೂ ಕಣ್ಣಿನ ನರದ ತುದಿ ಊದಿಕೊಂಡಿದ್ದರೂ, ಶುರುವಿನಲ್ಲಿ ರೋಗಿ ಕೊನೆಯ ಸಾಲಿನವರೆಗೂ ಓದಬಹುದು. ಬೆಳಿಗ್ಗೆ ಎದ್ದೊಡನೆ ತಲೆನೋವು, ಬಗ್ಗಿ ಎದ್ದಾಗ ಕೆಲವೇ ಸೆಕೆಂಡು ಕಣ್ಣಿಗೆ ಕತ್ತಲೆ, ಕಿವಿಯಲ್ಲಿ ನಾಡಿಯ ಲಯಕ್ಕೆ ಸುಯ್ಯೆನ್ನುವ ಸದ್ದು ಇದ್ದರೆ ಕಣ್ಣಿನ ಹಿಂಭಾಗ ನೋಡುವ ಅಕ್ಷಿಪಟಲ ಪರೀಕ್ಷೆ ಆಗಲೇಬೇಕು. ಬಾಣಂತಿಯಾದರೆ ಮಿದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಸ್ಕ್ಯಾನ್ ಮಾಡಿಸಬೇಕು.

ಇದಕ್ಕಿಂತ ಅವಸರದ್ದು ಇನ್ನೊಂದಿದೆ. ಒಂದು ರೆಪ್ಪೆ ಇದ್ದಕ್ಕಿದ್ದಂತೆ ಇಳಿಬಿದ್ದಿದೆ. ಬೆರಳಲ್ಲಿ ಎತ್ತಿ ನೋಡಿದರೆ ಗುಡ್ಡೆ ಹೊರಕ್ಕೂ ಕೆಳಕ್ಕೂ ವಾಲಿದೆ, ಪಾಪೆ ದೊಡ್ಡದಾಗಿದ್ದು ಟಾರ್ಚ್ ಬೆಳಕಿಗೂ ಕುಗ್ಗುತ್ತಿಲ್ಲ. ಮಿದುಳಿನಲ್ಲಿ ಉಬ್ಬಿದ ರಕ್ತನಾಳ, ರೆಪ್ಪೆ ಎತ್ತುವ, ಗುಡ್ಡೆ ತಿರುಗಿಸುವ ಮೂರನೇ ನರವನ್ನು ಒತ್ತುತ್ತಿರಬಹುದು. ಪಾಪೆಯನ್ನು ಕುಗ್ಗಿಸುವ ಎಳೆಗಳು ನರದ ಹೊರಮೈಯಲ್ಲಿರುವುದರಿಂದ ಮೊದಲ ಪೆಟ್ಟು ಬೀಳುವುದು ಅವಕ್ಕೆ. ‘ಶುಗರ್ ಇದೆಯಲ್ಲ, ಅದರಿಂದಲೇ’ ಎಂದು ಕಳಿಸಿಬಿಡುವುದು ದೊಡ್ಡ ತಪ್ಪು: ಶುಗರ್‌ನಿಂದ ಈ ನರ ಸೋತಾಗ ಪಾಪೆಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನಾಳ ಒಡೆದರೆ ಪ್ರಾಣಕ್ಕೇ ಸಂಚಕಾರ, ಹಾಗಾಗಿ ರಕ್ತನಾಳ ತೋರಿಸುವ ಸ್ಕ್ಯಾನ್ ಆದ ಸಿಟಿ ಆಂಜಿಯೋಗ್ರಾಮ್ ನಾಳೆಗೆ ಮುಂದೂಡುವಂತಿಲ್ಲ.

ಇದ್ದಕ್ಕಿದ್ದಂತೆ ಎರಡೆರಡು ಕಂಡರೆ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವ ಕಣ್ಣು ಮುಚ್ಚಿದರೂ ಸರಿಹೋದರೆ ಎರಡೂ ಕಣ್ಣು ಒಂದೇ ಕಡೆ ತಿರುಗುತ್ತಿಲ್ಲವೆಂದು ಅರ್ಥ. ನರದ ತೊಂದರೆ ಇರಬಹುದು. ಎರಡಾಗಿ ಕಾಣುವುದನ್ನು ಒಂದಾಗಿಸುವ ಪ್ರಿಸಂ ಕನ್ನಡಕ ಮಾಡಿಸಲು ಆಮೇಲೆ ಸಮಯವಿದೆ. ಎರಡೂ ಕಣ್ಣಿಗೆ ಒಂದೇ ಬದಿ ದಿಢೀರನೆ ಕಾಣದಾದರೆ ಅದು ಪಾರ್ಶ್ವವಾಯು (ಸ್ಟ್ರೋಕ್) ಇರಬಹುದು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಸಿಗುವುದು ನಾಲ್ಕೂವರೆ ಗಂಟೆ ಮಾತ್ರ, 108ಕ್ಕೆ ಕರೆ ಮಾಡಿ.

ನಂಬರ್ ನೋಡುವುದಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇವೆ. ಟಾರ್ಚ್ ಹಿಡಿದು ಪಾಪೆ ನೋಡಿ, ತಲೆನೋವಿನ ಬಗ್ಗೆ ವಿಚಾರಿಸಿ, ಆಸ್ಪತ್ರೆಗೆ ಚೀಟಿ ಬರೆದುಕೊಡುವ ಅಂಗಡಿಗೆ ಐದಕ್ಕೆ ಐದು. ಆಸ್ಪತ್ರೆಯಲ್ಲೂ ಒಂದು ಎಚ್ಚರ: ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುವ ಮೊದಲೇ ಪಾಪೆಗಳ ಅಳತೆ ಬರೆಸಿಕೊಳ್ಳಿ. ಡ್ರಾಪ್ಸ್ ಬಿದ್ದ ಮೇಲೆ ಕೆಲವು ಗಂಟೆ ಕಾಲ ನರರೋಗ ವೈದ್ಯರಿಗೆ ಪಾಪೆಯಿಂದ ಏನೂ ತಿಳಿಯದು.